ಚಿಲಕಪ್ಪ ಬಾಗಿಲು ತೆರೆದಿಟ್ಟರೇ?

ಹಡಗು ಮುಳುಗಡೆ ತನಿಖಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಸಿಮೆಂಟ್ ಹೊತ್ತ ಹಡಗು ಚಳಿಗಾಲದ ಬಿರುಗಾಳಿಯಲ್ಲಿ ಮುಳುಗಿದ್ದಕ್ಕೆ ಅದರ ಅಡುಗೆಯವರೇ ಕಾರಣವೆಂದು ತಾವು ಕಂಡುಹಿಡಿದಿದ್ದೀರಿ. ಅವರು ಅಡುಗೆಮನೆಯ ಬಾಗಿಲು ತೆರೆದಿಟ್ಟರಂತೆ, ಅಲೆ ಒಳನುಗ್ಗಿತಂತೆ, ಹಡಗು ತಳ ಸೇರಿತಂತೆ. ಮಾಲೀಕರು ನಿರ್ದೋಷಿಗಳು, ಹಡಗು ಸುಸ್ಥಿತಿಯಲ್ಲಿದೆಯೆಂದು ಮೊಹರು ಒತ್ತಿದ ತಮ್ಮ ಇಲಾಖೆಯೂ ನಿರ್ದೋಷಿ. ಹಡಗಿನಲ್ಲಿದ್ದ ಒಬ್ಬರೂ ಬದುಕುಳಿದಿಲ್ಲ. ಹಾಗಾದರೆ ಆ ತೆರೆದ ಬಾಗಿಲನ್ನು ಕಂಡು ತಮಗೆ ಸಾಕ್ಷಿ ಹೇಳಿದವರು ಯಾರು, ಮೀನುಗಳೇ? ಸತ್ತವರು ಎದುರು ಮಾತಾಡುವುದಿಲ್ಲ ಎಂಬ ಧೈರ್ಯ ತಮ್ಮದು. ಆ ಅಡುಗೆಯವರ ಹೆಂಡತಿ ಮಾತಾಡುತ್ತಾಳೆ. ಅವಳೇ ನಾನು.

ನನ್ನ ಗಂಡನಿಗೆ ಮನೆಯಲ್ಲೂ ಹಡಗಿನಲ್ಲೂ ಇದ್ದ ಅಡ್ಡಹೆಸರು ಚಿಲಕಪ್ಪ. ಊಟಕ್ಕೆ ಕೂತವರು ಎದ್ದು ಹೋಗಿ ಚಿಲಕ ಅಲ್ಲಾಡಿಸಿ ನೋಡಿ ಬರುತ್ತಿದ್ದರು. "ಅಲ್ಲಾ ರೀ, ಕಳ್ಳ ಬಂದ್ರೂ ನಮ್ಮನೇಲಿ ಅವನಿಗೇನು ಸಿಗುತ್ತೆ?" ಎಂದು ರೇಗಿಸಿದರೆ, "ಕಳ್ಳನ ಮನೆ ಹಾಳಾಗ್ಲಿ, ಗಾಳಿ ಬರುತ್ತಲ್ಲೇ!" ಎನ್ನುವರು. ಇಂಥವರು ಸರಿಯಾಗಿ ಬಿರುಗಾಳಿಯ ಹೊತ್ತಿಗೇ ಬಾಗಿಲು ಮರೆತರಂತೆ! ಯಾರ ಕಿವಿಯ ಮೇಲೆ ಹೂವಿಡುತ್ತಿದ್ದೀರಿ?

ಹಡಗು ಹೊರಡುವ ಹಿಂದಿನ ದಿನ ಫೋನ್ ಮಾಡಿದ್ದರು. "ನನ್ನ ಗಮ್‌ಬೂಟು ತಗೊಂಡ್ ಬಾರೇ. ಅಡುಗೆಮನೇಲಿ ನೀರು ನಿಲ್ತಿದೆ, ಶೂ ಎಲ್ಲ ತೊಯ್ದು ತೊಪ್ಪೆಯಾಗಿದೆ." ನನ್ನ ಇಸ್ತ್ರಿ ಅಂಗಡಿ ಮುಚ್ಚಿ ಬಂದರಿಗೆ ಓಡಿದೆ. ಹಡಗು ಇನ್ನೂ ದಡಕ್ಕೆ ಕಟ್ಟಿಯೇ ಇತ್ತು. ಸಮುದ್ರವೋ, ಇಸ್ತ್ರಿ ಹೊಡೆದ ಹಾಗೆ ಮಲಗಿತ್ತು. "ಕಂಪನಿಯವರಿಗೆ ಹೇಳಿದ್ರಾ?" ಅಂದೆ. "ಹೇಳ್ದೆ. ಒರೆಸ್ಕೊಳ್ಳಯ್ಯಾ ಅಂದ್ರು" ಎಂದು ನಕ್ಕರು. ಬೂಟು ಹಾಕಿಕೊಂಡು, ಒದ್ದೆ ಶೂಗಳನ್ನು ನನ್ನ ಕೈಗಿತ್ತು ಹತ್ತಿ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮಾನ್ಯರೇ, ಕಟ್ಟಿ ನಿಲ್ಲಿಸಿದ ಹಡಗಿನ ಅಡುಗೆಮನೆಗೆ ಆ ನೀರನ್ನು ತಂದದ್ದು ಯಾವ ಬಿರುಗಾಳಿ?

ಇದನ್ನೆಲ್ಲ ತಮ್ಮ ಕೊಠಡಿಯಲ್ಲಿ, ತಮ್ಮೆದುರಿಗೇ ಹೇಳಿದ್ದೆ. ತಾವು ಪಾಪ, ತಲೆಯಾಡಿಸಿದಿರಿ. ವರದಿಯಲ್ಲಿ ಅದರ ಒಂದಕ್ಷರವೂ ಇಲ್ಲ. ಆದರೆ ಮಾರನೆಯ ದಿನವೇ ಕಂಪನಿಯ ಮ್ಯಾನೇಜರ್ ನನ್ನ ಅಂಗಡಿಗೆ ಬಂದರು. ಅಷ್ಟು ದಿನ ಇತ್ತ ತಲೆ ಹಾಕದವರಿಗೆ ಅಂದು ಸಂತಾಪ ಉಕ್ಕಿ ಬಂದಿತ್ತು. "ಅಕ್ಕಾ, ಅಣ್ಣನ ಆ ಶೂ ಇದ್ಯಾ? ಆಫೀಸಲ್ಲಿ ನೆನಪಿಗೆ ಇಟ್ಕೊಳ್ತೀವಿ" ಎಂದರು. ಫೋಟೋ ಕೊಡಲೇ ಎಂದರೆ ಬೇಡವಂತೆ, ತುಕ್ಕುನೀರಿನ ಕಲೆ ಹಿಡಿದ ಶೂಗಳೇ ಬೇಕಂತೆ! ಶೂ ವಿಷಯ ನಾನು ಬಾಯಿ ಬಿಟ್ಟದ್ದು ತಮ್ಮ ಕೊಠಡಿಯಲ್ಲಿ ಮಾತ್ರ, ಅದೂ ಬಾಗಿಲು ಮುಚ್ಚಿಸಿ. ಅದು ಅವರ ಕಿವಿಗೆ ಬಿದ್ದದ್ದು ಹೇಗೆ ಸ್ವಾಮೀ?

ಈಗ ಮುಳುಗಿದ ಹಡಗನ್ನು ಕತ್ತರಿಸಿ ಗುಜರಿಗೆ ಹಾಕಲು ತಾವು ಒಪ್ಪಿಗೆ ಕೊಡಲಿದ್ದೀರಂತೆ. ಏನಿಷ್ಟು ಅವಸರ? ಮೊದಲು ಮುಳುಗು ತಜ್ಞರನ್ನು ಇಳಿಸಿ, ಕಂಪನಿಯವರನ್ನಲ್ಲ, ಹೊರಗಿನವರನ್ನು. ಅಡುಗೆಮನೆಯ ಬಾಗಿಲು ತೆರೆದಿದ್ದರೆ ಎಲ್ಲರೆದುರು ತಮ್ಮ ಕ್ಷಮೆ ಕೇಳುತ್ತೇನೆ. ಮುಚ್ಚಿದ್ದರೆ ನನ್ನ ಗಂಡನ ತಲೆಗೆ ಕಟ್ಟಿದ ಅಪವಾದವನ್ನು ವರದಿಯಿಂದ ತೆಗೆಯಿರಿ. ಅವರ ದೇಹ ಇನ್ನೂ ಸಿಕ್ಕಿಲ್ಲ. ಬಾಗಿಲು ಮುಚ್ಚಿದ್ದರೆ ಅವರು ಅದರ ಒಳಗೇ ಇರುತ್ತಾರೆ. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ, ಆ ಬಾಗಿಲು ತೆಗೆಸಿ.

ಇಂತಿ,
ಶೂಗಳನ್ನು ಯಾರಿಗೂ ಕೊಡದ,
ಚಿಲಕಪ್ಪನವರ ಹೆಂಡತಿ