ನಾಲ್ಕು ಬೆರಳಿನ ಬಲೆ

ಅಪ್ಪಾ,

ನಿನ್ನ ಹುಲಿಗಿ ಕಾಗದ ಬರೆಯುತ್ತಿದ್ದಾಳೆ ಅಂದರೆ ನೀನು ನಂಬುವುದಿಲ್ಲ, ಗೊತ್ತು. ನೀನು ಹೋದ ಮೇಲೆ ನಿನ್ನ ಅಳಿಯ ನನಗೆ ಓದು ಬರಹ ಕಲಿಸಿದ. ಪರಾತದಲ್ಲಿ ಜೋಳದ ಹಿಟ್ಟು ಹರವಿ, ಅದರಲ್ಲೇ ಬೆರಳಿನಿಂದ ತಿದ್ದಿಸಿದ. ಮಠದಿಂದ ತಂದ ಪುಸ್ತಕ ಓದಿ ಓದಿ ನನ್ನ ಬರವಣಿಗೆ ಪುಸ್ತಕದ ಕನ್ನಡವಾಗಿಬಿಟ್ಟಿದೆ, ನಗಬೇಡ. ಬಾಯಿ ಬಿಟ್ಟರೆ ಈಗಲೂ ನಿನ್ನ ಮಗಳೇ. ಇಷ್ಟು ಕಷ್ಟಪಟ್ಟು ಅಕ್ಷರ ಕಲಿತದ್ದು ಯಾಕೆ ಗೊತ್ತೇನು? ನಿನಗೆ ಒಂದು ಮಾತು ಅಂದುಬಿಟ್ಟಿದ್ದೆನಲ್ಲ, ಅದು ಏಳು ವರ್ಷದಿಂದ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ತೆಗೆಯಬೇಕು.

ನಾನು ಚಿಕ್ಕವಳಿದ್ದಾಗ ನಮ್ಮೂರ ಕೆರೆಯ ಮೆಟ್ಟಿಲ ಮೇಲೆ ಕೂತು ರೊಟ್ಟಿಯ ಚೂರು ಹಾಕುತ್ತಿದ್ದದ್ದು ನಿನಗೆ ನೆನಪಿದೆಯಾ? ಮೊಳದುದ್ದದ ಗೆಂಡೆ ಮೀನುಗಳು ಬಂದು ರೊಟ್ಟಿಯ ಜೊತೆಗೆ ನನ್ನ ಕಾಲ ಬೆರಳನ್ನೂ ಚೀಪುತ್ತಿದ್ದವು. ನೀನು ಹರಿಗೋಲಿನಲ್ಲಿ ಕೂತು ಬಲೆ ಹೆಣೆಯುತ್ತಾ, "ಏ ಹುಲಿಗಿ, ಕಾಲ ತೆಗಿಯವ್ವಾ. ಬೆರಳ ಕಚಗೊಂಡು ಹೋದ್ರ ನಿನ್ನ ಯಾರ ಮದುವಿ ಆಗ್ತಾರ?" ಅನ್ನುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ನನ್ನನ್ನೂ ತಮ್ಮ ದುರುಗಪ್ಪನನ್ನೂ ನೀನೊಬ್ಬನೇ ಸಾಕಿದೆ. ನಮ್ಮ ಹಗಲೆಲ್ಲ ಆ ಹರಿಗೋಲಿನಲ್ಲೇ ಕಳೆಯುತ್ತಿತ್ತು. ಸುಮ್ಮನೆ ಕೂರಲೆಂದು ನೀನು ನನಗೊಂದು ಬಿದಿರಿನ ಚಕ್ಕೆ ಕೆತ್ತಿಕೊಟ್ಟೆ. ಬಲೆಯ ಒಂದೊಂದು ಕಣ್ಣನ್ನೂ ಚಕ್ಕೆಗೆ ಸುತ್ತಿ ಗಂಟು ಹಾಕಬೇಕು, ಚಕ್ಕೆ ಎಷ್ಟು ಅಗಲವೋ ಕಣ್ಣೂ ಅಷ್ಟು ಅಗಲ. ನಿನ್ನ ಚಕ್ಕೆ ನಾಲ್ಕು ಬೆರಳಿನದು. ನನ್ನದು ನಿನ್ನ ಮೂರೇ ಬೆರಳು. ಅದರ ತುದಿಗೆ ನೀನು ಒಂದು ಮೀನು ಕೊರೆದಿದ್ದೆ. ಅದು ಮೀನಿಗಿಂತ ಹೆಚ್ಚಾಗಿ ಬದನೆಕಾಯಿಯ ಹಾಗಿತ್ತು. ಆಗ ಹೇಳಿದರೆ ನಿನಗೆ ಬೇಜಾರಾದೀತು ಅಂತ ಸುಮ್ಮನಿದ್ದೆ.

ಕಾರಹುಣ್ಣಿಮೆ ಕಳೆದು ಹೊಸ ನೀರು ಬಂದ ಮೇಲೆ ಮೊದಲ ಬಲೆ ಬಿಡುವ ದಿನ ನಮ್ಮ ಮನೆಗೆ ಹಬ್ಬವೇ. ಆ ಕೆರೆಯಲ್ಲಿ ಬಲೆ ಬಿಡುವ ಮನೆ ನಮ್ಮದೊಂದೇ ತಾನೇ. ಅವತ್ತು ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಸಣ್ಣ ಮೀನನ್ನು ಆರಿಸಿ, ಅರಿಷಿಣ ಕುಂಕುಮ ಹಚ್ಚಿ, ನೀನು ಕೆರೆಯ ತಾಯಿ ಗಂಗವ್ವನಿಗೆಂದು ತಿರುಗಿ ನೀರಿಗೆ ಬಿಡುತ್ತಿದ್ದೆ. "ಸಣ್ಣದು ತಾಯೀದು, ದೊಡ್ಡದು ನಮ್ಮದು." ಬಲೆಗೂ ನಿನ್ನದು ಅದೇ ನೇಮ. ನಾಲ್ಕು ಬೆರಳು ತೂರದ ಬಲೆ ಕೆರೆಗೆ ಇಳಿಯಬಾರದು. ಪಕ್ಕದೂರಿನ ಇಬ್ಬರು ಸಣ್ಣ ಕಣ್ಣಿನ ಬಲೆ ಹೊತ್ತು ಬಂದಾಗ ನೀನು ದಂಡೆಯ ಮೇಲೆ ನಿಂತು, "ಮರಿ ತಿನ್ನೂ ಬಾಯಿಗೆ ಮಣ್ಣ ಬೀಳಲಿ, ನಡೀರಿ ಇಲ್ಲಿಂದ" ಅಂದು ಅಟ್ಟಿದ್ದೆ. ನೀನು ಯಾರ ಮೇಲಾದರೂ ದನಿ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೀನು ಕೊಯ್ಯುವುದು ನನ್ನ ಪಾಲಿನ ಕೆಲಸವಾಗಿತ್ತಲ್ಲ, ಹಾಗಾಗಿ ಮೊದಲು ನನ್ನ ಕಣ್ಣಿಗೇ ಬಿತ್ತು. ಹಿಂದೆ ಮೊಳದುದ್ದದ ಮೀನಿನಲ್ಲಿ ಮಾತ್ರ ತತ್ತಿ ಇರುತ್ತಿತ್ತು. ನನ್ನ ಮದುವೆ ಗೊತ್ತಾಗುವ ಹೊತ್ತಿಗೆ, ಬಲೆಯಲ್ಲಿ ತೊಡರಿ ಬಂದ ಗೇಣುದ್ದದ ಮೀನಿನ ಹೊಟ್ಟೆಯಲ್ಲೂ ತತ್ತಿ. ಈಳಿಗೆಯ ಮುಂದಿನಿಂದಲೇ ಕೂಗಿ ನಿನ್ನನ್ನು ಕರೆದೆ. "ಅಪ್ಪಾ, ಇಲ್ಲಿ ನೋಡು. ಇಷ್ಟ ಇಷ್ಟು ಮೀನಿನ ಹೊಟ್ಟ್ಯಾಗ ತತ್ತಿ ಐತಿ." ನೀನು ಬಗ್ಗಿ ನೋಡಿ ನಕ್ಕೆ. "ನಿನ್ನಂಗ ಅದಕ್ಕೂ ಮದುವಿ ಅವಸರ ಆಗೇತಿ ಬಿಡವ್ವಾ." ನಾನು ಮೀನಿನ ಹುರುಪೆಯನ್ನೆಲ್ಲ ನಿನ್ನ ಮೇಲೆ ಎರಚಿದೆ. ಆದರೆ ಆ ನಗು ಬಹಳ ದಿನ ಉಳಿಯಲಿಲ್ಲ. ದೊಡ್ಡ ಮೀನು ಸಿಗುವುದು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಲೇ ಬಂದಿತ್ತು. ಇದ್ದವೂ ಹರಿಗೋಲಿನ ಸಪ್ಪಳಕ್ಕೇ ತಾವರೆಯ ಬುಡ ಸೇರುತ್ತಿದ್ದವು. ಮೆಟ್ಟಿಲ ಹತ್ತಿರ ರೊಟ್ಟಿ ಹಾಕಿದರೆ ಚೂರು ತೇಲುತ್ತಲೇ ಇರುತ್ತಿತ್ತು. ಅವ್ವ ತೀರಿಕೊಂಡ ವರ್ಷ ಗಂಗವ್ವನ ಪೂಜೆ ತಪ್ಪಿತ್ತು, ಅದಕ್ಕೇ ತಾಯಿ ಮುನಿದಿದ್ದಾಳೆ ಎಂದು ನೀನು ಮಂಗಳವಾರ ಉಪವಾಸ ಹಿಡಿದೆ. ಬುಧವಾರ ಬೆಳಿಗ್ಗೆ ಏನೂ ತಿನ್ನದೆ ಹರಿಗೋಲು ಹತ್ತುತ್ತಿದ್ದೆ.

ಯಲಬುರ್ಗಾ ಸೀಮೆಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನು ಮಾಡಿದ ಪೆದ್ದು ಕೆಲಸವನ್ನು ನಿನಗೆ ಪೂರ್ತಿ ಹೇಳಿಯೇ ಇಲ್ಲ. ಈ ಮನೆಯವರು ನಮ್ಮವರೇ ಆದರೂ ಬಲೆ ಬಿಟ್ಟು ಎರೆಹೊಲ ಹಿಡಿದವರು. ನನಗೆ ಹೊಲದ ಗಂಧವೇ ಇಲ್ಲ. ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನೋಣ ಎಂದು ಎಲ್ಲರೂ ಹೊರಟಾಗ, ನಾನು ಉತ್ಸಾಹದಿಂದ ಹೊಲದಲ್ಲೇ ದೊಡ್ಡದಾದ ತೆನೆಯನ್ನು ಮುರಿದೆ. ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿತ್ತು. ಅಂದಕ್ಕೆ ಕಟ್ಟಿರಬೇಕು ಅಂದುಕೊಂಡೆ ನೋಡು. ಅತ್ತೆ ತಲೆಗೆ ಕೈ ಹಚ್ಚಿಕೊಂಡು ಕೂತರು. "ಯವ್ವಾ, ಬೀಜದ ತೆನೀನ ಮುರದೆಲ್ಲ. ಛಲೋದು ತಿಂದು ಜೊಳ್ಳ ಬಿತ್ತಿದ್ರ ಮುಂದ ಜೊಳ್ಳ ಬೆಳೀತೈತಿ. ನಿಮ್ಮ ಊರಾಗ ಇಷ್ಟೂ ಕಲಿಸಿಲ್ಲೇನು?" ಎಲ್ಲರೂ ನಕ್ಕರು. ಸೀತನಿ ನನ್ನ ಬಾಯಲ್ಲೇ ಉಳಿಯಿತು. ಅತ್ತೆಯ ಬೈಗುಳಕ್ಕಲ್ಲ. ನಮ್ಮ ಕೆರೆ ಕಣ್ಣ ಮುಂದೆ ಬಂದಿತ್ತು.

ಆ ವರ್ಷ ಪಂಚಮಿಗೆ ತವರಿಗೆ ಬಂದಾಗ ನೀನು ನನಗೆ ಕುಪ್ಪಸದ ಕಣ ತಂದಿಟ್ಟಿದ್ದೆ, ಶೇಂಗಾ ಉಂಡೆ ಕಟ್ಟಿಸಿದ್ದೆ. ನಾನು ಗಂಟು ಇಳಿಸುವ ಮೊದಲೇ ಶುರು ಮಾಡಿದೆ. ಗೇಣುದ್ದಕ್ಕೇ ತತ್ತಿ ಇಡುವ ಮೀನು ನಿನ್ನ ಬಲೆಯ ಕಣ್ಣಿನಿಂದ ಪಾರಾಗುತ್ತದೆ. ಇನ್ನಷ್ಟು ಬೆಳೆದು ಆಮೇಲೆ ತತ್ತಿ ಇಡೋಣ ಎಂದು ಕಾಯುವ ಮೀನು ಅದಕ್ಕೆ ಮೊದಲೇ ಸಿಕ್ಕಿಬೀಳುತ್ತದೆ. ಹಾಗಾದರೆ ಕೆರೆಯಲ್ಲಿ ಯಾರ ಮಕ್ಕಳು ಉಳಿದರು? ರೊಟ್ಟಿಗೆ ಮುಂದೆ ಬರುವ ಗಟ್ಟಿಗುಂಡಿಗೆಯದು ಬುಟ್ಟಿ ಸೇರಿತು, ತಾವರೆಯ ಬುಡದಲ್ಲಿ ಅಡಗುವ ಪುಕ್ಕಲು ಮೀನು ಸಂಸಾರ ಮಾಡಿತು. ಬೀಜದ ತೆನೆಯನ್ನೇ ಮುರಿದು ತಿಂದೆವಲ್ಲ ಅಪ್ಪಾ, ಅದೂ ಪುಣ್ಯದ ಕೆಲಸ ಅಂದುಕೊಂಡು. ಹೀಗೆಲ್ಲ ಒಂದೇ ಉಸಿರಿಗೆ ಹೇಳಿದೆ. ನೀನು ಒಂದು ಉಂಡೆಯನ್ನು ಕೈಗೆತ್ತಿಕೊಂಡು, "ಹಂಗಾರ ಗಂಗವ್ವ ಮುನದಿಲ್ಲಂತಿ?" ಎಂದು ಕೇಳಿದೆ. ಆಗ ನಾನು, "ಆಕಿ ಯಾಕ ಮುನೀತಾಳ? ಕೆರಿ ಕೆಡಿಸಿದಾವ ನೀನ" ಅಂದೆ.

ನಿನ್ನ ಕೈಯಲ್ಲಿದ್ದ ಉಂಡೆಯನ್ನು ಮೆಲ್ಲಗೆ ತಾಟಿನಲ್ಲಿ ತಿರುಗಿ ಇಟ್ಟೆಯಲ್ಲ, ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ಸುಳ್ಳಲ್ಲ. ಮರುದಿನ ಬಂಡಿ ಹತ್ತಿಸುವಾಗ "ಹುಷಾರ್ ಹೋಗವ್ವಾ" ಅಂದೆ, ಅಷ್ಟೇ. ನಾನಾದರೂ ಕೆಳಗಿಳಿದು ನಿನ್ನ ಕಾಲು ಮುಟ್ಟಬಹುದಿತ್ತು. ದೀಪಾವಳಿಗೆ ಬಂದಾಗ ಮಾತಾಡಿದರಾಯಿತು ಅಂದುಕೊಂಡೆ. ದಸರೆಯ ಹೊತ್ತಿಗೇ ನಿನಗೆ ಜ್ವರ ಬಂದ ಸುದ್ದಿ ಬಂತು. ಬಂಡಿ ಕಟ್ಟಿಸಿಕೊಂಡು ಹೊರಟು ಕುಷ್ಟಗಿಯ ದಾರಿ ಕೂಡುವಲ್ಲಿ ನಮ್ಮೂರವನೊಬ್ಬ ಎದುರಾದ. "ಲಗೂನ ಹೋಗವ್ವಾ, ಮಣ್ಣಿಗೆ ನಿನ್ನ ದಾರಿ ಕಾಯಾಕತ್ತಾರ" ಅಂದ.

ದಿನಕರ್ಮ ಮುಗಿದ ಮೇಲೆ ದುರುಗಪ್ಪ ಅಟ್ಟದಿಂದ ಒಂದು ಗಂಟು ಇಳಿಸಿದ. ಅರ್ಧ ಹೆಣೆದ ಬಲೆ. ಯುದ್ಧ ನಡೆದು ದಾರಕ್ಕೂ ಕಂಟ್ರೋಲು ಬಂದಿದ್ದ ದಿನಗಳು, ನೀನು ಪುಂಡಿ ಗಿಡದ ನಾರನ್ನು ಹೊಸೆದು ಹೊಸೆದು ಹೆಣೆದಿದ್ದೆ. ಬಲೆಯ ಕಣ್ಣಿಗೆ ಬೆರಳು ಹಾಕಿ ನೋಡಿದೆ, ನಿನ್ನ ನಾಲ್ಕು ಬೆರಳಿನ ಬಲೆ ಅಲ್ಲ, ಕಣ್ಣು ಅದಕ್ಕಿಂತ ಸಣ್ಣದು. ನನಗೆ ಸಿಟ್ಟು ನೆತ್ತಿಗೇರಿತು. "ಮರಿ ತಿನ್ನೂ ಬಾಯಿಗೆ ಮಣ್ಣ ಅಂದಾವ ಇದನ್ಯಾಕ ಹೆಣದಾನ?"

"ನನಗೇನ್ ಗೊತ್ತಕ್ಕಾ? ಪಂಚಮಿ ಮುಗದ ಮರುದಿನಾನ ಚಾಲೂ ಮಾಡಿದ. ಏನಪ್ಪಾ ಇದು ಅಂತ ಕೇಳಿದ್ರ, ನಿಮ್ಮಕ್ಕ ಬರಲಿ ತಡಿ, ಆಕೀಗೆ ತೋರಸ್ತೀನಿ ಅಂದ."

ಗಂಟನ್ನು ಕೊಡವಿದಾಗ ಟಪ್ಪೆಂದು ಒಂದು ಬಿದಿರಿನ ಚಕ್ಕೆ ಬಿತ್ತು. ತುದಿಯಲ್ಲಿ ಬದನೆಕಾಯಿಯಂಥ ಮೀನು. ನನ್ನ ಮೂರು ಬೆರಳಿನ ಚಕ್ಕೆ. ಇಷ್ಟು ವರ್ಷ ಅದನ್ನು ಎಲ್ಲಿ ಇಟ್ಟಿದ್ದೆ ಅಪ್ಪಾ? ನಿನ್ನ ಹೆಣ ನೋಡಿದಾಗ ಬಾರದ ಅಳು ಆಗ ಬಂತು. ದುರುಗಪ್ಪ ಹೆದರಿ ನೀರು ತಂದುಕೊಟ್ಟ.

ಉಳಿದರ್ಧವನ್ನು ನಾನೇ ಹೆಣೆದೆ, ಅದೇ ಚಕ್ಕೆಯಿಂದ. ಯಾಕೆ ಹೆಣೆಯುತ್ತಿದ್ದೇನೆ ಅಂತ ನನಗೇ ತಿಳಿದಿರಲಿಲ್ಲ. ನೀನು ಬಿಟ್ಟ ಕೆಲಸ ಅರ್ಧಕ್ಕೆ ನಿಲ್ಲಬಾರದು, ಅಷ್ಟೇ. ದುರುಗಪ್ಪ ಒಲ್ಲದ ಮನಸ್ಸಿನಿಂದ ಅದನ್ನು ಕೆರೆಗೆ ಬಿಟ್ಟ, ನಾನು ಹರಿಗೋಲಿನಲ್ಲಿ ಕೂತು ನೋಡಿದೆ. ಮರಿಗಳು ಸಲೀಸಾಗಿ ದಾಟಿದವು. ನಡುಗಾತ್ರದವು ಕಿವಿರಿನವರೆಗೆ ತೂರಿ ಸಿಕ್ಕಿಕೊಂಡವು. ಆಮೇಲೆ ಎಲ್ಲಿ ಅಡಗಿತ್ತೋ ಏನೋ, ಒಂದು ಹಳೆಯ ದೊಡ್ಡ ಗೆಂಡೆ ಬಂತು. ಬಲೆಗೆ ಮೂತಿ ಒತ್ತಿತು. ತಲೆ ಹಿಡಿಸಲಿಲ್ಲ. ಇನ್ನೊಮ್ಮೆ ಒತ್ತಿ, ಬಾಲ ತಿರುವಿ ಹೋಯಿತು. ದುರುಗಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಬೀಜದ ತೆನೆಯನ್ನು ಬಿಡುವ ಬಲೆಯನ್ನು ನೀನು ಹೆಣೆದಿದ್ದೆ. ನಾನು ಬೈದದ್ದನ್ನು ನೀನು ಬೈಗುಳ ಅಂತ ಕೇಳಿಸಿಕೊಂಡಿರಲಿಲ್ಲ, ಬುದ್ಧಿಮಾತು ಅಂತ ಕೇಳಿಸಿಕೊಂಡಿದ್ದೆ. ಹಾಗೆ ಕೇಳಿಸಿಕೊಳ್ಳುವ ಅಪ್ಪಂದಿರು ಎಷ್ಟು ಜನ ಇದ್ದಾರು?

ಅವತ್ತಿನಿಂದ ದುರುಗಪ್ಪ ಆ ಬಲೆಯನ್ನೇ ಬಿಡುತ್ತಾನೆ. ಮೊದಲ ಬಲೆಯ ದಿನ ದೊಡ್ಡದೇನಾದರೂ ಬಲೆಯಲ್ಲಿ ತೊಡರಿಕೊಂಡು ಬಂದರೆ, ಅರಿಷಿಣ ಕುಂಕುಮ ಅದಕ್ಕೇ. ಮೊದಲ ವರ್ಷ ದಂಡೆಯ ಮೇಲಿನ ಮಂದಿ, "ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ನೋಡ್ರಿ" ಎಂದು ಆಡಿಕೊಂಡು ನಕ್ಕರು. ಅವನು, "ದೊಡ್ಡದು ತಾಯೀದ್ರಿ, ನಮ್ಮಪ್ಪ ಹೇಳ್ಯಾನ" ಅಂದನಂತೆ. ನೀನು ಹೇಳಿದ್ದು ತಿರುವುಮುರುವು ಆಯಿತು, ಇರಲಿ. ನಿನ್ನ ಮಗನಿಗೆ ಅಷ್ಟು ಸುಳ್ಳು ಮಾಫಿ ಮಾಡು. ಈಗ ತುಂಗಭದ್ರೆಗೆ ದೊಡ್ಡ ಕಟ್ಟೆ ಕಟ್ಟುತ್ತಿದ್ದಾರೆ, ಊರಿನ ಅರ್ಧ ಗಂಡಸರು ಅಲ್ಲಿ ಕೆಲಸಕ್ಕೆ ಹೋಗಿದ್ದಾರೆ. ದುರುಗಪ್ಪ ಹೋಗಲಿಲ್ಲ. ಕೆರೆ ನೋಡಿಕೊಳ್ಳುವವರು ಯಾರು ಅಂತಾನೆ.

ಮೊನ್ನೆ ಪಂಚಮಿಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಕೂತು ರೊಟ್ಟಿ ಹಾಕಿದೆ. ಯಾವ ಮೀನೂ ಬರಲಿಲ್ಲ. ಹೆದರಿದವರ ಮಕ್ಕಳು ಮೊಮ್ಮಕ್ಕಳು ಅವು, ಧೈರ್ಯ ಬರಲು ಇನ್ನೆಷ್ಟು ವರ್ಷ ಬೇಕೋ. ಪ್ರತಿ ವರ್ಷ ಬರುತ್ತೇನೆ, ರೊಟ್ಟಿ ಹಾಕುತ್ತೇನೆ, ಅದು ನಿನಗೆ ನನ್ನ ಮಾತು. ಕೆರೆ ಕೆಡಿಸಿದವ ನೀನು ಅಂದೆನಲ್ಲ, ಅದನ್ನು ತಿರುಗಿಸಲು ಮೊದಲ ಗಂಟು ಹಾಕಿದವನೂ ನೀನೇ. ಅವತ್ತೇ ಇದನ್ನು ಹೇಳಲು ನನಗೆ ತಿಳಿದಿರಲಿಲ್ಲ, ತಪ್ಪಾಯಿತು ಅಪ್ಪಾ. ಆಮೇಲೆ ಈಳಿಗೆಯ ಮುಂದೆ ಕೂತು ಐದು ಮೀನು ಕೊಯ್ದೆ. ನಾಲ್ಕರಲ್ಲಿ ತತ್ತಿ ತುಂಬಿತ್ತು. ಐದನೆಯದೂ ಹೆಣ್ಣೇ, ಉಳಿದ ನಾಲ್ಕಕ್ಕಿಂತ ದೊಡ್ಡದು, ಗೇಣಿನ ಮೇಲೆ ಮೂರು ಬೆರಳು. ಹೊಟ್ಟೆ ಸೀಳಿ ನೋಡಿದರೆ ತತ್ತಿಯ ಚೀಲ ಇನ್ನೂ ದಾರದ ಹಾಗೆ ಸಣ್ಣಗಿದೆ. ಎರಡು ಸಲ ನೋಡಿದೆ. ದುರುಗಪ್ಪನನ್ನೂ ಕರೆದು ತೋರಿಸಿದೆ. ಒಂದು ಮೀನಿನಿಂದ ಕೆರೆ ತಿರುಗಿತು ಅನ್ನಲಾರೆ, ಆದರೂ ನಿನಗೆ ಹೇಳದೆ ಇರಲಾಗಲಿಲ್ಲ. ಅದಕ್ಕೆ ಮದುವೆಯ ಅವಸರ ಇರಲಿಲ್ಲ ಅಪ್ಪಾ.

ನಿನ್ನ ಹುಲಿಗಿ