ಮೂರು ಮುಳ್ಳಿನ ಟ್ರೈಲೋಬೈಟು

ಬೇಗೂರು
ಭಾನುವಾರ, ೧೨ ಅಕ್ಟೋಬರ್ ೨೦೨೫

ಅಪ್ಪಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಸಿಟ್ಟು ಓದಿಕೋ.

ಈ ವಾರ ನಾಲ್ಕು ಸಲ ಫೋನ್ ಮಾಡಿದೆ. ಕಲ್ಲಿನ ಮಾತು ಎತ್ತಿದ ತಕ್ಷಣ "ಮಿಷಿನ್ ಸೌಂಡು ಕಣಮ್ಮಿ, ಏನೂ ಕೇಳ್ತಿಲ್ಲ" ಅಂತ ಇಟ್ಟುಬಿಡುತ್ತೀಯ. ಬತ್ತೇರಿಯಲ್ಲಿ ನೀನು ಕೆಲಸ ಮಾಡುವ ಆ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಊಟದ ಹೊತ್ತಿನಲ್ಲೂ ಮಿಷಿನ್ ಓಡುತ್ತದಾ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡೋಕೆ ಆಗಲ್ಲ.

ನಿನಗೆ ಅರ್ಥವಾಗುವ ಹಾಗೆ ಮೊದಲಿಂದ ಹೇಳುತ್ತೇನೆ. ನಾನು ಆರನೇ ಕ್ಲಾಸಿನಲ್ಲಿ ಹಾಸ್ಟೆಲ್ ಬೇಡ ಅಂತ ಗೇಟು ಹಿಡಿದುಕೊಂಡು ಅಳುತ್ತಿದ್ದಾಗ ಒಂದು ಭಾನುವಾರ ನೀನು ಅಂಗೈಯಗಲದ ಕರಿಕಲ್ಲು ತಂದುಕೊಟ್ಟೆಯಲ್ಲ, ಅದರ ಮೇಲೆ ಚಪ್ಪಟೆ ಜಿರಲೆಯಂಥ ಒಂದು ಪ್ರಾಣಿ, ಅದರ ವಿಷಯ. "ಗುಂಡ್ಲುಪೇಟೆ ಕ್ವಾರಿಲಿ ಸಿಕ್ತು ಕಣಮ್ಮಿ. ನೀನು ಓದ್ತಿದ್ದೀಯಲ್ಲ, ಅದೇ ಹುಳ" ಅಂದಿದ್ದೆ. ಆವತ್ತು ನಾನು ಅಳು ನಿಲ್ಲಿಸಿದೆ. ಆಮೇಲೆ ಏಳು ವರ್ಷ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಎಲ್ಲರೂ ನರ್ಸಿಂಗು, ಬಿ.ಕಾಂ ಅಂತ ಹೋದಾಗ ನಾನೊಬ್ಬಳು ಭೂವಿಜ್ಞಾನ ತೆಗೆದುಕೊಂಡದ್ದು ಯಾವುದರಿಂದ ಅಂತ ನಿನಗೆ ಗೊತ್ತು.

ಈಗ ಮೈಸೂರಿನ ನಮ್ಮ ಕಾಲೇಜಿನಲ್ಲಿ ಫಸ್ಟ್ ಇಯರಿನಿಂದ ಇಬ್ಬರನ್ನು ಮಾತ್ರ ಹಿಮಾಚಲದ ಸ್ಪಿತಿಗೆ ಫೀಲ್ಡ್ ಟ್ರಿಪ್ ಕರೆದುಕೊಂಡು ಹೋಗುತ್ತಾರೆ. ಅಲ್ಲಿನ ಬೆಟ್ಟದಲ್ಲಿ ನಿಜವಾದ ಟ್ರೈಲೋಬೈಟುಗಳಿವೆ, ನೀನು ಹುಳ ಅಂದೆಯಲ್ಲ ಅವೇ, ಅಂದರೆ ಐವತ್ತು ಕೋಟಿ ವರ್ಷದ ಹಿಂದೆ ಸಮುದ್ರದ ಕೆಸರಿನಲ್ಲಿ ಹೂತುಹೋಗಿ, ಆ ಕೆಸರೇ ಕಲ್ಲಾಗಿ, ಅಚ್ಚು ಉಳಿದುಕೊಂಡಿರುವ ಜೀವಿಗಳು. ಅರ್ಜಿ ಜೊತೆ ನಾನು ನಮ್ಮ ಕಲ್ಲಿನ ಫೋಟೋ ಅಂಟಿಸಿ, ಸಿಕ್ಕಿದ ಜಾಗ ಗುಂಡ್ಲುಪೇಟೆ ಅಂತ ಬರೆದೆ. ನಮ್ಮ ಭೂವಿಜ್ಞಾನದ ಮೇಷ್ಟ್ರು ಗುರುಪಾದಸ್ವಾಮಿ ಸರ್ ನನ್ನ ಹೆಸರು ಲಿಸ್ಟಿಗೆ ಹಾಕಿದರು. ಹಾಕಿ, ಮಾರನೇ ದಿನ ಕರೆದರು. ಫೋಟೋದಲ್ಲಿ ಒಂದೇ ಪಕ್ಕದಿಂದ ಉದ್ದಕ್ಕೆ ಮೂರು ಮುಳ್ಳು ಹೊರಟಿವೆ, ಇಂಥದ್ದನ್ನು ತಾವು ಯಾವ ಪುಸ್ತಕದಲ್ಲೂ ನೋಡಿಲ್ಲ ಅಂದರು. ನನಗೆ ಖುಷಿಯಾಯಿತು. ಆಮೇಲೆ ಕನ್ನಡಕ ತೆಗೆದು, ನಿಮ್ಮ ಜಿಲ್ಲೆಯ ಕಲ್ಲು ಮುನ್ನೂರು ಕೋಟಿ ವರ್ಷದ್ದು, ಅದರೊಳಗೆ ಯಾವ ಹುಳವೂ ಇರೋಕೆ ಸಾಧ್ಯವಿಲ್ಲ, ಸಿಕ್ಕಿದ ಜಾಗ ತೋರಿಸು, ಇಲ್ಲವಾದರೆ ಹೆಸರು ತೆಗೆಯುತ್ತೇನೆ ಅಂದರು. ದಸರಾ ರಜೆ ಮುಗಿದ ಸೋಮವಾರ ಕಲ್ಲನ್ನೂ, ಅದು ಸಿಕ್ಕಿದ ಜಾಗ ಬರೆದ ಸ್ಲಿಪ್ಪನ್ನೂ ಕೊಡಬೇಕು. ಆ ಸೋಮವಾರ ನಾಳೆ.

ರಜೆಯ ಒಂಬತ್ತು ದಿನ ನಾನು ಏನು ಮಾಡಿದೆ ಗೊತ್ತಾ? ಪುಸ್ತಕದಲ್ಲಿ ಇದ್ದ ಹಾಗೆ ಹುಡುಕಿದೆ. ಪದರ ಪದರವಾಗಿ ಏಳುವ ಕಲ್ಲು ನೋಡಬೇಕು, ಹೊಳೆ ಕೊರೆದ ದಂಡೆ ನೋಡಬೇಕು, ಹೊಸದಾಗಿ ಕಡಿದ ರಸ್ತೆ, ಬಾವಿ ತೋಡಿ ಹೊರಗೆ ಹಾಕಿದ ಗುಡ್ಡೆ ನೋಡಬೇಕು. ಗುಂಡ್ಲು ಹೊಳೆಯ ದಂಡೆಯಲ್ಲಿ ಸಿಕ್ಕಿದ್ದು ಕೆಮ್ಮಣ್ಣು ಮತ್ತು ಒಂದು ಚಪ್ಪಲಿ. ಚಾಮರಾಜನಗರದ ಸ್ಟೇಷನ್ ಆಚೆ ರೈಲು ಹಳಿಗೆ ಕಡಿದಿರುವ ದಿಬ್ಬ ನೋಡಿದೆ, ಅಲ್ಲಿ ಬಿಳಿ ಕಪ್ಪು ಪಟ್ಟೆ ಪಟ್ಟೆ ಕಲ್ಲು, ನೋಡೋಕೆ ಚಂದ, ಒಳಗೆ ಏನೂ ಇಲ್ಲ. ಕನಕರಾಜು ಮಾವ ಬತ್ತೇರಿಗೆ ಹೊಡೆಯುವ ತರಕಾರಿ ಲೋಡು ಬಿಟ್ಟು ಎರಡು ದಿನ ಬೈಕಿನಲ್ಲಿ ಸುತ್ತಿಸಿದರು. ಮೂರನೇ ದಿನ "ಹುಳ ಸಿಕ್ದಿದ್ರೆ ಬುಡು, ಒಂದ್ ಹಲ್ಲೀನಾದ್ರೂ ಹಿಡ್ಕೊಂಡ್ ಹೋಗನ, ನಿಮ್ ಮೇಷ್ಟ್ರಿಗೆ ಏನ್ ಗೊತ್ತಾಯ್ತದೆ" ಅಂದರು. ನನಗೆ ನಗು ಬರಲಿಲ್ಲ. ಬೈಕಿನ ಹಿಂದೆ ಕೂತು ಅತ್ತೆ. ಅವರಿಗೆ ಧೂಳು ಅಂದೆ.

ಗುಂಡ್ಲುಪೇಟೆ ಆಚೆಯ ಗುಡ್ಡದಲ್ಲಿ ಇನ್ನೊಂದು ಗ್ರಹಚಾರ. ನಾನು ಸುತ್ತಿಗೆಯಲ್ಲಿ ಬಂಡೆ ತಟ್ಟುತ್ತಿದ್ದರೆ ಕುರಿ ಮೇಯಿಸುವ ಚಿಕ್ಕಮಲ್ಲಪ್ಪ ಅನ್ನುವ ತಾತ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. "ನಿಧಿಯಾ?" ಅಂದ. ಇಲ್ಲ ತಾತ, ಕಲ್ಲೊಳಗಿನ ಹುಳ ಹುಡುಕ್ತಿದೀನಿ ಅಂದೆ. "ನನ್ ತಾವ ಯಾಕಮ್ಮಿ ಮುಚ್ಚುಮರೆ, ನಾನೇನ್ ಪೊಲೀಸ್ನವನಾ? ಅರ್ಧ ಅರ್ಧ ಮಾಡ್ಕಳನ ಬುಡು" ಅಂದ. ಮಾರನೇ ದಿನ ನನಗಿಂತ ಮುಂಚೆ ಗುದ್ದಲಿ, ನಾಲ್ಕು ನಿಂಬೆಹಣ್ಣು ಹಿಡಿದು ಬಂದು ಕೂತಿದ್ದ. ಸಂಜೆ ಏನೂ ಸಿಗದೆ ಹೊರಟಾಗ, ನಾನು ಒಬ್ಬಳೇ ಆಮೇಲೆ ಬಂದು ತೆಗೆದುಕೊಂಡು ಹೋಗುತ್ತೇನೆ ಅಂತ ಬೈದ. ನನಗೆ ನಿಜವಾಗಲೂ ಹುಚ್ಚು ಹಿಡಿದ ಹಾಗೆ ಆಯಿತು ಅಪ್ಪಾ.

ಕೊನೆಗೆ ನಿನ್ನೆ ನೀನು ಮೊದಲು ಕೆಲಸ ಮಾಡುತ್ತಿದ್ದ ಕ್ವಾರಿಗೇ ಹೋದೆ. ಅಲ್ಲಿ ಉಳಿಗಳಿಗೆ ಹದ ಕೊಡುವ ಚಿಕ್ಕಬಸವಯ್ಯ ಇನ್ನೂ ತಿದಿ ಮುಂದೆಯೇ ಕೂತಿದ್ದಾರೆ. ಕಲ್ಲು ತೋರಿಸಿ, ಇದು ಯಾವ ಮೂಲೆಯಲ್ಲಿ ಸಿಕ್ಕಿತ್ತು ಅಂತ ಕೇಳಿದೆ. ಅವರು ಅದರ ಮೇಲೆ ನೀರು ಚಿಮುಕಿಸಿ, ಬಿಸಿಲಿಗೆ ಓರೆ ಹಿಡಿದು ನೋಡಿ, ನಗೋಕೆ ಶುರು ಮಾಡಿದರು.

"ಅಯ್ಯೋ ಸಿಕ್ಕದೆಲ್ಲಿ ಬಂತಮ್ಮಿ, ಇದ ನಿಮ್ಮಪ್ಪ ಕೆತ್ತಿದ್ದು ಕಣ. ನಿನ್ ನೋಟ್ ಬುಕ್ಕ ತೊಡೆ ಮೇಲೆ ಮಡಿಕ್ಕಂಡು ನಾಕ್ ದಿನ ಊಟದ್ ಹೊತ್ನಲ್ಲಿ ಟುಕ್ ಟುಕ್ ಅಂತ ಕೂತಿದ್ದ. ನನ್ ತಾವ ಸೂಜಿ ಅಂಗಿರೋ ಉಳಿ ಮಾಡಿಸ್ಕಂಡ. ಗುರುಸಿದ್ದಯ್ಯ, ಆ ಗೆರೆ ಯಾಕ್ಲಾ ಅಂದ್ರೆ, ಮಗ್ಳು ಬರ್ದವ್ಳೆ, ಒಂದೂ ಬುಡಕಿಲ್ಲ ಅಂದ."

ಮನೆಗೆ ಬಂದು ಅಟ್ಟದ ಟ್ರಂಕು ಇಳಿಸಿದೆ. ಅಮ್ಮ ನನ್ನ ಆರನೇ ಕ್ಲಾಸಿನ ವಿಜ್ಞಾನದ ನೋಟ್ ಬುಕ್ಕನ್ನು ಎಸೆದಿರಲಿಲ್ಲ. ಹನ್ನೆರಡನೇ ಪುಟದಲ್ಲಿ ನಾನು ಬರೆದ ಚಿತ್ರ ಇದೆ. ಎಡಗಣ್ಣು ದೊಡ್ಡದು, ಬಲಗಣ್ಣು ಚಿಕ್ಕದು, ಕಲ್ಲಿನಲ್ಲೂ ಹಾಗೇ. ಬಲಗಡೆ ಸ್ಕೇಲಿಟ್ಟು ಎಳೆದ ಮೂರು ಗೆರೆ, ತುದಿಯಲ್ಲಿ ತಲೆ, ಎದೆ, ಬಾಲ ಅಂತ ಬರೆದಿದೆ. ಹೆಸರು ಬರೆಯೋಕೆ ಎಳೆದ ಗೆರೆ ಅಪ್ಪಾ ಅದು! ನೀನು ಅಕ್ಷರ ಬಿಟ್ಟು ಗೆರೆ ಮಾತ್ರ ಕೆತ್ತಿದ್ದೀಯ. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಆ ಮೂರು ಮುಳ್ಳು ನನ್ನ ಹೀರೋ ಪೆನ್ನಿನದು. ನಾನು ಅದರ ಊರು ಹುಡುಕಿಕೊಂಡು ಒಂಬತ್ತು ದಿನ ಬಿಸಿಲು ಕುಡಿದಿದ್ದೇನೆ.

ಅಳುವ ಮಗುವಿಗೆ ಏನೋ ಒಂದು ಹೇಳಿದೆ, ಒಪ್ಪುತ್ತೇನೆ. ಆದರೆ ನಾನು ಪಿಯುಸಿಗೆ ಬಂದಾಗ ಹೇಳಬಹುದಿತ್ತು. ಅಪ್ಲಿಕೇಶನ್ ಹಾಕುವ ದಿನ ಅಂಗಳದಲ್ಲಿ ನಿಂತು ಫೋಟೋ ತೆಗೆದಾಗ ನೀನು ಪಕ್ಕದಲ್ಲೇ ಇದ್ದೆ, ನೆರಳು ಬೀಳುತ್ತೆ ಅಂತ ಸರಿದು ನಿಂತೆ. ಆವಾಗಲೂ ಬಾಯಿ ಬಿಡಲಿಲ್ಲ. ಯಾಕೆ? ನಾನು ನಿನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದೆ ಅಂತಲಾ?

ನಿನ್ನೆ ಸಾಯಂಕಾಲ ಸರ್‌ಗೆ ಫೋನ್ ಮಾಡಿ, ಕಲ್ಲು ನಿಜದ್ದಲ್ಲ ಅಂತ ಅಷ್ಟು ಮಾತ್ರ ಹೇಳಿದೆ. ಅವರು ಬೈಯಲಿಲ್ಲ. ಫಸ್ಟ್ ಇಯರ್ ಹುಡುಗಿ, ಯಾರೋ ಮೋಸ ಮಾಡಿದ್ದರೆ ಹಾಗಂತ ಸ್ಲಿಪ್ಪಿನಲ್ಲಿ ಬರೆದುಕೊಡು, ಹೆಸರು ಉಳಿಸುತ್ತೇನೆ ಅಂದರು. ಗೊತ್ತಿದ್ದೂ ಕೊಟ್ಟಿದ್ದರೆ ಮಾತ್ರ ಲಿಸ್ಟಿನಿಂದ ತೆಗೆಯುತ್ತಾರಂತೆ. ನಾಳೆ ನಾನು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ನಮ್ಮ ತಂದೆ ಕೆತ್ತಿದ್ದು, ನನಗೆ ತಿಳಿದಿರಲಿಲ್ಲ. ನಿನಗೆ ಬೇಜಾರಾದರೆ ಆಗಲಿ. ನನಗೆ ಸ್ಪಿತಿ ಬೇಕು. ಒಂದು ಸಲವಾದರೂ ಕೆತ್ತದೇ ಇರುವ ಒಂದನ್ನು ಕೈಯಲ್ಲಿ ಹಿಡಿಯಬೇಕು.

ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಕಡಿಮೆ. ನೀನು ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀಯಾ ಅಂತ ಕೇಳು ಅಂದಳು. ಕೇಳಿದ್ದೇನೆ.

ಸಿಟ್ಟಿನಲ್ಲಿರುವ ನಿನ್ನ ಮಗಳು,
ಶಿವರಂಜಿನಿ

ಮರೆಯದೆ ಓದು: ಮಾವ ಭಾನುವಾರ ಬತ್ತೇರಿಗೆ ಗಾಡಿ ತೆಗೆಯಲಿಲ್ಲ, ಅವರ ಕೈಯಲ್ಲಿ ಕಳಿಸಬೇಕಿದ್ದ ಕಾಗದ ನನ್ನ ಬ್ಯಾಗಿನಲ್ಲೇ ಮೈಸೂರಿಗೆ ಬಂತು. ಇವತ್ತು ಮಂಗಳವಾರ, ಪೋಸ್ಟಿಗೆ ಹಾಕುತ್ತಿದ್ದೇನೆ. ನಿನ್ನೆ ಸರ್ ಸ್ಲಿಪ್ಪು ಮುಂದಿಟ್ಟು, "ಮೋಸ ಮಾಡಿದವನ ಹೆಸರು ಮೊದಲು ಬರಿ" ಅಂದರು. ನಿನ್ನ ಹೆಸರಿನ ಗು ಬರೆದೆ. ಹಿಂದೆ ಹುಡುಗರು ಇಣುಕುತ್ತಿದ್ದರು, ಆಗಲೇ ಕಿಸಕ್ ಅನ್ನುತ್ತಿದ್ದರು. ಮುಂದಕ್ಕೆ ಪೆನ್ನು ಹೋಗಲಿಲ್ಲ. ಅದನ್ನು ಹೊಡೆದು ಹಾಕಿ, ಸಂತೆಯಲ್ಲಿ ಕೊಂಡದ್ದು, ಕೆತ್ತಿದ್ದು ಅಂತ ನನಗೆ ಮೊದಲೇ ಗೊತ್ತಿತ್ತು ಅಂತ ಬರೆದುಬಿಟ್ಟೆ. ಹೆಸರು ತೆಗೆದರು. ಟ್ರಿಪ್ಪು ಹಿಮಕ್ಕೆ ಕ್ಯಾನ್ಸಲ್ ಆಯಿತು ಅಂತ ಅಮ್ಮನಿಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು. ಸಿಟ್ಟು ಇಳಿದಿಲ್ಲ. ಸರ್ ಕಲ್ಲನ್ನು ವಾಪಸ್ ಕೊಡುವ ಮೊದಲು ಲೆನ್ಸಿನಲ್ಲಿ ತುಂಬಾ ಹೊತ್ತು ನೋಡಿದರು. ಕರಿಕಲ್ಲಿನಲ್ಲಿ ಇಷ್ಟು ಸಣ್ಣ ಕೆಲಸ ತಾವು ನೋಡೇ ಇಲ್ಲವಂತೆ, ಹೀಗೆ ಕೈ ಆಡಿಸುವವನು ಯಾರಮ್ಮಾ, ಡಿಪಾರ್ಟ್‌ಮೆಂಟಿಗೆ ಮಾಡೆಲ್ ಮಾಡಿಸಬಹುದಿತ್ತು ಅಂದರು. ಗೊತ್ತಿಲ್ಲ ಸರ್ ಅಂದೆ. ಉಳಿದದ್ದೆಲ್ಲ ಹೋಗಲಿ ಅಪ್ಪಾ, ನಮ್ಮಪ್ಪ ಸರ್ ಅನ್ನುವ ಅದೊಂದು ಮಾತು ಮಾತ್ರ ಆವಾಗ ಹೇಳಬೇಕಿತ್ತು.