ಬೆನ್ನ ಕಡೆಯಿಂದ ಕಂಡ ಗಾಡಿ

ಬೆಟಗೇರಿ
೧೮ ಆಗಸ್ಟ್ ೨೦೨೪

ಪ್ರೀತಿಯ ತಾರೀಖ ಭಾಯಿಗೆ,

ತಂಗಿ ರುಹಿಯ ಸಲಾಮ್. ಬೆನ್ನುನೋವು ಹೇಗಿದೆ? ಗೋವಾದ ಗ್ಯಾರೇಜಿನಲ್ಲಿ ದಿನವಿಡೀ ಲಾರಿಯ ಅಡಿ ಮಲಗುತ್ತೀಯಂತೆ. ಅಮ್ಮ ಕೊಟ್ಟ ಎಣ್ಣೆ ಹಚ್ಚಿಕೋ. ಅಜ್ಜನ ಕೆಮ್ಮು ಇಳಿದಿದೆ. ಅಮ್ಮನದು ಅದೇ ಮಾತು: "ಭಾಯಿಗ ಎದುರು ಆಡಬ್ಯಾಡ, ಪಾಪ ದೂರ ಅದಾನ." ಪಾಪ ಅನ್ನಿಸಿಕೊಳ್ಳಲು ನಾನೂ ಊರು ಬಿಡಬೇಕೇನೋ. ಫೋನಿನಲ್ಲಿ ನೀನೇ ಮಾತಾಡುತ್ತೀ, ನಾನು ಹೂಂ ಅನ್ನಬೇಕು. ಅದಕ್ಕೇ ಈ ಕಾಗದ.

ಅಜ್ಜ ಮುಂಬೈ ಗುಜರಿಯಿಂದ ತಂದು ನಮ್ಮಿಬ್ಬರಿಗೂ ಎಂದು ಕೊಟ್ಟ ಹಳೇ ರಿಮೋಟ್ ಬಗ್ಗಿ, ಆ ಆಟದ ಗಾಡಿಯ ವಿಷಯ. ಊರು ಬಿಡುವ ಮುಂಚೆ ನೀನು ಅದನ್ನು ಬಿಚ್ಚಿ, ತೊಳೆದು, ಜೋಡಿಸಿದೆ. ಮರುದಿನ ನಾನು ಓಡಿಸಿದರೆ ಕುಡಿದವರ ಹಾಗೆ ಅತ್ತಿತ್ತ ಹಾಯಿತು. ನಮ್ಮ ರಿಪೇರಿ ಅಂಗಡಿಯ ಗಿರಾಕಿಗಳ ಮುಂದೆಯೇ ನೀನು ಅಂದೆ: "ಇಕಿ ಕೈ ಹತ್ತಿ ಗಾಡಿ ಹಾಳಾತು. ಹೋಗ, ರೊಟ್ಟಿ ಬಡಿ." ಇಂದಿಗೂ ಅಂಗಡಿಯಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡುವವಳು ನಾನು, ಒಯ್ಯುವವರು ಕೇಳುವುದು, "ತಾರೀಖ ಫೋನಿನ್ಯಾಗ ಹೇಳಿಕೊಟ್ಟನೇನು?" ಈಗ ಮುಂಡರಗಿಯ ವೀರೇಶನಿಗೆ "ತಂಗಿ ಕೆಡಿಸ್ಯಾಳ, ಹಂಗ ಒಯ್ಯಿ" ಎಂದು ಗಾಡಿಯನ್ನೇ ಕೊಡಲು ಒಪ್ಪಿದ್ದೀ. ಅದರಲ್ಲಿ ಅರ್ಧ ನನ್ನದು. ನನ್ನನ್ನು ಕೇಳಲಿಲ್ಲ.

ಅವನು ಬರುವ ಮುಂಚೆ ನಾನು ಗಾಡಿ ಬಿಚ್ಚಿದೆ. ಮುಂದಿನ ಗಾಲಿಗಳು ಒಳಕ್ಕೆ ತಿರುಗಿವೆಯೇನೋ ಎಂದು ಸ್ಟೇರಿಂಗ್ ಕಡ್ಡಿಗಳನ್ನು ಸರಿಮಾಡಿದೆ, ಹಾಯುವುದು ನಿಲ್ಲಲಿಲ್ಲ. ಗಾಲಿಯ ತೋಳು ಬಾಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಿದೆ, ನೆಟ್ಟಗಿತ್ತು. ಆಮೇಲೆ ಗಾಲಿ ತಿರುಗುವ ಗೂಟ ಕಣ್ಣಿಗೆ ಬಿತ್ತು. ಸೈಕಲ್ಲಿನ ಹ್ಯಾಂಡಲ್ ಕೊಳವೆಯ ಹಾಗೆ ಅದರ ತಲೆ ಹಿಂದಕ್ಕೆ ವಾಲಿದ್ದರೆ ಮಾತ್ರ ಗಾಲಿ ತಾನಾಗಿ ನೇರಕ್ಕೆ ಬರುತ್ತದೆ. ಇದು ಮುಂದಕ್ಕೆ ವಾಲಿತ್ತು. ಗೂಟ ಹಿಡಿಯುವ ಎಡದ ತುಂಡಿಗೆ ಅಜ್ಜ ಕೆಂಪು ಬೊಟ್ಟು ಹಚ್ಚಿದ್ದ. ಆ ಬೊಟ್ಟು ಬಲಗಡೆ ಕೂತಿತ್ತು. ಎಡಬಲದ ತುಂಡು ಅದಲುಬದಲಾದರೆ ಗೂಟ ವಾಲುವ ದಿಕ್ಕೂ ತಿರುಗಿಬಿಡುತ್ತದೆ. ಬೀದಿಯ ಕಡೆ ನಿಂತು, ಗಾಡಿಯ ಮೂತಿ ನಿನ್ನತ್ತ ಮಾಡಿ, ಗಿರಾಕಿಗಳ ಜೊತೆ ಹರಟುತ್ತ ಜೋಡಿಸುವವನು ನೀನು. ನಿನ್ನ ಎಡವನ್ನೇ ನೀನು ಗಾಡಿಯ ಎಡ ಅಂದುಕೊಂಡೆ. ನನ್ನನ್ನು ಅಂಗಡಿಯ ಪರದೆಯ ಹಿಂದೆ ಕೂರಿಸಿದ್ದಿರಿ. ಅಲ್ಲಿಂದ ಕಾಣುವುದು ಗಾಡಿಯ ಬೆನ್ನು, ಅದರ ಎಡವೇ ನನ್ನ ಎಡ.

ಎರಡೂ ತುಂಡು ಅದಲುಬದಲು ಮಾಡಿದೆ. ಬಯಲಲ್ಲಿ ಬಿಟ್ಟರೆ ನೂಲು ಹಿಡಿದ ಹಾಗೆ ಹೋಯಿತು. ಅಜ್ಜ ಕಟ್ಟೆಯ ಮೇಲಿಂದ ನೋಡಿ, "ತಾರೀಖ ಯಾವಾಗ ಬಂದಾ?" ಅಂದ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನ ದುವಾ ಎಲ್ಲ ನಿನ್ನ ಪಾಲಿಗೇ ಇದೆ.

ನಿನ್ನ ತಂಗಿ,
ರುಹಿ

ತಾ.ಕ.: ವೀರೇಶ ಈಗಷ್ಟೇ ಬಂದಿದ್ದ. ಗಾಡಿ ನೇರ ಓಡಿದ್ದು ನೋಡಿ, "ನಿಮ್ಮಣ್ಣ ಚಲೋ ಮಾಡ್ಯಾನ, ಕೊಡವಾ" ಎಂದು ಕೈ ಚಾಚಿದ. ಕೊಡಲಿಲ್ಲ. ಪರದೆ ಕಿತ್ತು ಗಾಡಿ ಒರೆಸುವ ಅರಿವೆ ಮಾಡಿದ್ದೇನೆ. ಕೆಡಿಸಿದ್ದಕ್ಕೆ ನನ್ನ ಹೆಸರು ಹೇಳಿದವನು ನೀನು. ಸರಿಮಾಡಿದ್ದಕ್ಕೂ ಅದೇ ಹೆಸರನ್ನು ಅವನಿಗೆ ಫೋನು ಹಚ್ಚಿ ಹೇಳು. ಹೇಳಿದರೂ ಗಾಡಿ ಕೊಡುವುದಿಲ್ಲ.